ಬಯಲಲ್ಲಿ ನಿಲ್ಲುವ ಕಾರು, ಬೆಳಗಿನ ಎರಡು ತಾಸು

ಏಪ್ರಿಲ್ ತಿಂಗಳ ಮಧ್ಯಾಹ್ನ ಮಾನ್ವಿಯಲ್ಲಿ ಮನೆ ಮುಂದೆ ನಿಂತ ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಮೂರು ಎಣಿಸುವಷ್ಟರಲ್ಲಿ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ಗಾಳಿಯ ಬಿಸಿ 42 ಡಿಗ್ರಿ ಇದ್ದ ದಿನ ಕಪ್ಪು ಬಣ್ಣದ ಬಾನೆಟ್ 70 ಡಿಗ್ರಿ ದಾಟುವುದು ಇಲ್ಲಿ ಅಪರೂಪವಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಅದೇ ಜಾಗ ಮುಟ್ಟಿದರೆ ಹಿತವಾದ ತಂಪು. ಒಂದೇ ತಗಡು, ಒಂದೇ ಬಣ್ಣ. ಆದರೆ ಹಚ್ಚಿದ ಲೇಪನ ಕೂತುಕೊಳ್ಳುತ್ತದೋ ಕೆಡುತ್ತದೋ ಎಂಬುದನ್ನು ಈ ಎರಡು ಹೊತ್ತುಗಳ ನಡುವಿನ ವ್ಯತ್ಯಾಸವೇ ನಿರ್ಧರಿಸುತ್ತದೆ.

ರಾಯಚೂರು, ಮಾನ್ವಿ, ದೇವದುರ್ಗಗಳ ಹಳೆಯ ಓಣಿಗಳಲ್ಲಿ ಮನೆಗಳ ಬಾಗಿಲು ನೇರ ರಸ್ತೆಗೆ ತೆರೆಯುತ್ತವೆ. ಎತ್ತು ಕಟ್ಟಲು ಜಾಗ ಬಿಟ್ಟು ಕಟ್ಟಿದ ಮನೆಗಳವು. ಕಾರು ನಿಲ್ಲಿಸಲು ಕಟ್ಟಿದವಲ್ಲ. ಹಾಗಾಗಿ ಸಾಲ ಮಾಡಿ ತಂದ ಹೊಸ ಕಾರೂ ಬಯಲಲ್ಲೇ ನಿಲ್ಲುತ್ತದೆ. ಅದರ ಹೊಳಪು ಉಳಿಸಿಕೊಳ್ಳಬೇಕೆಂಬ ಆಸೆ ಸಹಜ. ಆ ಆಸೆಗೆ ಪೇಟೆಯಲ್ಲಿ ನೂರು ಡಬ್ಬಿಗಳಿವೆ: ವ್ಯಾಕ್ಸ್, ಟೆಫ್ಲಾನ್, ಸೆರಾಮಿಕ್, ಗ್ರಾಫೀನ್. ದೊಡ್ಡ ಊರಿನ ಅಂಗಡಿಗಳಲ್ಲಿ ಹತ್ತಾರು ಸಾವಿರ ರೂಪಾಯಿ ಕೊಟ್ಟು ಮಾಡಿಸುವವರಿದ್ದಾರೆ. ಆನ್‌ಲೈನ್‌ನಲ್ಲಿ ಬಾಟಲಿ ತರಿಸಿ ಮನೆ ಮುಂದೆಯೇ ಹಚ್ಚುವವರು ಅವರಿಗಿಂತ ಹೆಚ್ಚು.

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಹೀಗೆಯೇ ಸೆರಾಮಿಕ್ ಬಾಟಲಿ ತರಿಸಿದ. ಬೆಳಿಗ್ಗೆ ಕಾರು ತೊಳೆದು, ತಿಂಡಿ ತಿಂದು, ಹನ್ನೊಂದರ ಹೊತ್ತಿಗೆ ಹಚ್ಚಲು ಕೂತ. ಅರ್ಧ ಬಾನೆಟ್ ಮುಗಿಯುವುದರೊಳಗೆ ನನ್ನನ್ನು ಕೂಗಿ ಕರೆದ. "ಕಾಕಾ, ವಿಡಿಯೋದಾಗ ಒಂದು ನಿಮಿಷ ಬಿಟ್ಟು ಒರಸ್ರಿ ಅಂದಿದ್ರು. ಇಲ್ಲಿ ಹತ್ತು ಎಣಿಸೂದ್ರಾಗ ಹಿಡಕೊಂಡುಬಿಡ್ತು ನೋಡ್ರಿ." ನೋಡಿದೆ. ಎಣ್ಣೆ ಬಿದ್ದ ನೀರಿನ ಮೇಲೆ ಕಾಣುವಂಥ ಬಣ್ಣಬಣ್ಣದ ಪಟ್ಟೆಗಳು ಬಾನೆಟ್ ತುಂಬ ಗಟ್ಟಿಯಾಗಿ ಕೂತಿದ್ದವು. ಬಟ್ಟೆ ಎಳೆದರೆ ಅಂಟಿಕೊಂಡು ನಿಲ್ಲುತ್ತಿತ್ತು. ಕೊನೆಗೆ ಅದನ್ನು ಪಾಲಿಶ್ ಮಷಿನ್‌ನಿಂದ ಉಜ್ಜಿ ತೆಗೆಸಬೇಕಾಯಿತು. ಬಾಟಲಿ ಚೆನ್ನಾಗಿಯೇ ಇತ್ತು, ಹುಡುಗನ ಕೈಯೂ ಚೆನ್ನಾಗಿಯೇ ಇತ್ತು. ಹೊತ್ತು ಸರಿ ಇರಲಿಲ್ಲ.

ಬಯಲಲ್ಲಿ ಕಾರಿಗೆ ಲೇಪನ ಹಾಕಬಹುದು, ಅದರಿಂದ ಪ್ರಯೋಜನವೂ ಇದೆ. ಆದರೆ ಡಬ್ಬಿಯ ಮೇಲೆ ಬರೆದದ್ದನ್ನು ಓದುವ ಮೊದಲು ನಮ್ಮ ಊರಿನ ಬಿಸಿಲು, ಧೂಳು, ನೀರು ಮೂರನ್ನೂ ಓದಿಕೊಳ್ಳಬೇಕು. ಯಾವ ಲೇಪನ, ಯಾವ ತಿಂಗಳು, ಯಾವ ತಾಸು ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಕಾರಿನ ಮೈಮೇಲೆ ಈಗಾಗಲೇ ಏನಿದೆ?

ಮೊದಲು ನಾವು ಕಾಪಾಡಲು ಹೊರಟಿರುವುದು ಏನನ್ನು ಎಂದು ತಿಳಿಯಬೇಕು. ಕಾರ್ಖಾನೆಯಿಂದ ಬಂದ ಕಾರಿನ ಬಣ್ಣ ಒಂದೇ ಪದರವಲ್ಲ. ಉಕ್ಕಿನ ತಗಡಿಗೆ ಮೊದಲು ಫಾಸ್ಫೇಟ್ ಸಂಸ್ಕಾರ. ಆಮೇಲೆ ಇಡೀ ಬಾಡಿಯನ್ನೇ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ತುಕ್ಕು ತಡೆಯುವ ತೆಳುಪದರ ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಪ್ರೈಮರ್ ಮೇಲೆ ನಾವು ಇಷ್ಟಪಟ್ಟು ಆರಿಸಿದ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್. ಹೊಳಪು ಬರುವುದು ಈ ಕೊನೆಯ ಪದರದಿಂದ.

ಇಷ್ಟೆಲ್ಲ ಸೇರಿದರೂ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್. ನಮ್ಮ ತಲೆಗೂದಲು ಒಂದರ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ಉಕ್ಕಿಗೂ ಆಕಾಶಕ್ಕೂ ನಡುವೆ ಇರುವುದು ಎರಡು ಕೂದಲಿನಷ್ಟೂ ದಪ್ಪವಿಲ್ಲದ ಹೊದಿಕೆ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 40–50 ಮೈಕ್ರಾನ್. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳನ್ನು ಕಂಪನಿಗಳು ಈ ಪದರದೊಳಗೇ ಬೆರೆಸಿರುತ್ತವೆ. ಹೊಳಪಿಗಾಗಿ ಪದೇಪದೇ ಮಷಿನ್ ಪಾಲಿಶ್ ಮಾಡಿಸುವವರು ನೆನಪಿಡಬೇಕಾದ ಮಾತು ಇದು: ಪಾಲಿಶ್ ಎಂದರೆ ಕ್ಲಿಯರ್ ಕೋಟ್ ಅನ್ನು ಸವೆಸಿ ಗೀರು ಮರೆಮಾಡುವುದು. ಪ್ರತಿ ಸಲವೂ ಹೊದಿಕೆ ಒಂದಿಷ್ಟು ತೆಳುವಾಗುತ್ತದೆ, ಮತ್ತೆ ಬೆಳೆಯುವುದಿಲ್ಲ.

ಬಸ್ ನಿಲ್ದಾಣದ ಬಳಿ ಬಾಡಿಗೆಗೆ ನಿಲ್ಲುವ ಹಳೆಯ ಗಾಡಿಗಳನ್ನು ಗಮನಿಸಿ. ಬಾಗಿಲುಗಳ ಬಣ್ಣ ಚೆನ್ನಾಗಿರುತ್ತದೆ. ಟಾಪ್ ಮತ್ತು ಬಾನೆಟ್ ಮಾತ್ರ ಬಿಸಿಲಿಗೆ ಸುಟ್ಟ ಬೆನ್ನಿನ ಚರ್ಮದಂತೆ ಬೆಳ್ಳಗೆ ಸಿಪ್ಪೆ ಎದ್ದಿರುತ್ತದೆ. ಸೂರ್ಯನಿಗೆ ನೇರ ಮುಖ ಮಾಡಿದ ಭಾಗಗಳು ಮೊದಲು ಸೋಲುತ್ತವೆ. ಒಮ್ಮೆ ಕ್ಲಿಯರ್ ಕೋಟ್ ಸಿಪ್ಪೆ ಎದ್ದರೆ ಯಾವ ವ್ಯಾಕ್ಸೂ ಯಾವ ಸೆರಾಮಿಕ್ಕೂ ಅದನ್ನು ಸರಿ ಮಾಡಲಾರದು. ಉಜ್ಜಿ, ಹೊಸದಾಗಿ ಬಣ್ಣ ಹೊಡೆಸುವುದೊಂದೇ ದಾರಿ.

ನಮ್ಮೂರಿನ ನಾಲ್ಕು ಶತ್ರುಗಳು

ಬಿಸಿಲು ಮೊದಲನೆಯದು; ಅದರ ಮಾತು ಆಯಿತು.

ಎರಡನೆಯದು ಧೂಳು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ನೆಲದಡಿಯ ಬಂಡೆ ಗ್ರಾನೈಟ್ ಜಾತಿಯದು. ಅದು ಸವೆದು ಆದ ಮರಳು, ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ಇದಕ್ಕೆ ಮಾನ್ವಿ, ಸಿಂಧನೂರು ಸೀಮೆಯ ವಿಶೇಷವೊಂದು ಸೇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಇದು ಭತ್ತದ ನಾಡಾಯಿತು, ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು. ಗಿರಣಿಗಳು ಉರಿಸುವ ಭತ್ತದ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮೇಲ್ಪಟ್ಟು ಸಿಲಿಕಾ. ಉಷ್ಣವಿದ್ಯುತ್ ಸ್ಥಾವರದಿಂದಾಗಿ ಶಕ್ತಿನಗರದ ಕಡೆಯವರಿಗೆ 1985ರಿಂದ ಪರಿಚಯವಿರುವ ಕಲ್ಲಿದ್ದಲ ಹಾರುಬೂದಿಯಲ್ಲೂ ದೊಡ್ಡ ಪಾಲು ಸಿಲಿಕಾ ಮತ್ತು ಅಲ್ಯೂಮಿನಾ. ಇಂಥ ಧೂಳು ಕೂತ ಕಾರನ್ನು ಒಣಬಟ್ಟೆಯಿಂದ "ಸ್ವಲ್ಪ ಒರೆಸಿಬಿಡು" ಎಂದರೆ ಮರಳುಕಾಗದದಿಂದ ಮೆಲ್ಲಗೆ ಉಜ್ಜು ಎಂದಂತೆಯೇ. ಬಿಸಿಲಲ್ಲಿ ಬಾನೆಟ್ ಮೇಲೆ ಜೇಡರ ಬಲೆಯಂತೆ ಕಾಣುವ ಸುತ್ತುಗೀರುಗಳು ಹೆಚ್ಚಿನವು ರಸ್ತೆಯಲ್ಲಿ ಬಿದ್ದವಲ್ಲ, ಮನೆಯವರ ಪ್ರೀತಿಯ ಕೈಯಲ್ಲೇ ಬಿದ್ದವು.

ಮೂರನೆಯದು ನೀರು. ಬೋರಿನ ಗಡಸು ನೀರು ಕಾದ ತಗಡಿನ ಮೇಲೆ ಬಿದ್ದರೆ ನೀರು ಆವಿಯಾಗಿ ಹೋಗುತ್ತದೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣ ಉಳಿಯುತ್ತದೆ. ಹಂಡೆಯ ಒಳಮೈಗೆ ಕಟ್ಟುವ ಬಿಳಿ ಕರೆಯೇ ಇದು. ತಕ್ಷಣ ಒರೆಸಿದರೆ ಹೋಗುತ್ತದೆ. ಬಿಸಿಲಲ್ಲಿ ದಿನಗಟ್ಟಲೆ ಕಾದರೆ ಕ್ಲಿಯರ್ ಕೋಟ್‌ನಲ್ಲೇ ಉಂಗುರದ ಗುರುತು ಮಾಡಿ ಕೂರುತ್ತದೆ.

ನಾಲ್ಕನೆಯದು ಜೀವಜಂತುಗಳ ಕಾಣಿಕೆ. ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಆದರೆ ಕೇಡು ಆಮ್ಲದಿಂದ ಮಾತ್ರ ಅಲ್ಲ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ, ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ಬಣ್ಣ ಕುಗ್ಗುವಾಗ ಹಿಕ್ಕೆಯ ಉಬ್ಬುತಗ್ಗು ಅಚ್ಚೊತ್ತಿದಂತೆ ಅದರಲ್ಲಿ ಮೂಡುತ್ತದೆ. ನೆರಳಿಗೆಂದು ಮರದ ಕೆಳಗೆ ನಿಲ್ಲಿಸಿದವರಿಗೆ ಈ ಕಾಟ ಹೆಚ್ಚು. ಮರದಲ್ಲಿ ಹುಳು ಬಿದ್ದಿದ್ದರೆ ಅವು ಸುರಿಸುವ ಅಂಟೂ ಸೇರುತ್ತದೆ. ಇಷ್ಟಾದರೂ ನೆರಳು ನೆರಳೇ. ದಿನಾ ಹಿಕ್ಕೆ ತೆಗೆಯುವ ಶ್ರಮ, ಎಂಟು ತಾಸಿನ ಬಿಸಿಲು ತಿನ್ನುವ ಬಣ್ಣಕ್ಕಿಂತ ಅಗ್ಗ.

ಆಯುಧಪೂಜೆಯ ಮಾತೂ ಇಲ್ಲೇ ಹೇಳಬೇಕು. ಭಕ್ತಿಯಿಂದ ಬಾನೆಟ್ ಮೇಲೆ ಹಚ್ಚಿದ ಅರಿಶಿನ ಕುಂಕುಮ, ಹಿಂಡಿದ ನಿಂಬೆರಸ ಎರಡು ದಿನ ಬಿಸಿಲಲ್ಲಿ ಉಳಿದರೆ ತಿಳಿಬಣ್ಣದ ಕಾರಿನ ಮೇಲೆ ಕಲೆ ನಿಲ್ಲಬಹುದು. ಹೂವಿನ ಹಾರ ಕಟ್ಟಿದ ತಂತಿ ಗಾಳಿಗೆ ಅಲ್ಲಾಡಿ ಗೀರುತ್ತದೆ. ಕುಂಕುಮವನ್ನು ಮುಂದಿನ ಗಾಜಿಗೆ ಇಡಿ, ಹಾರವನ್ನು ದಾರದಿಂದ ಕಟ್ಟಿ, ಪೂಜೆ ಮುಗಿದ ಸಂಜೆಯೇ ತೊಳೆಯಿರಿ. ಪೂಜೆಗೆ ಇದರಿಂದ ಏನೂ ಕೊರತೆಯಾಗದು.

ಯಾವ ಡಬ್ಬಿಯಲ್ಲಿ ಏನಿದೆ?

ವ್ಯಾಕ್ಸ್ ಎಲ್ಲಕ್ಕಿಂತ ಹಳೆಯದು. ಒಳ್ಳೆಯ ವ್ಯಾಕ್ಸ್‌ಗೆ ಬೇಕಾದ ಕಾರ್ನಾಬಾ ಮೇಣ ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ತಾಳೆಜಾತಿಯ ಮರದ ಎಲೆಗಳಿಂದ ಬರುತ್ತದೆ. ಆ ಒಣಸೀಮೆಯ ಬಿಸಿಲಿಗೆ ಎಲೆಯ ನೀರು ಆರಿಹೋಗದಿರಲೆಂದು ಮರ ತಾನೇ ಹೊದ್ದುಕೊಳ್ಳುವ ಮೇಣ ಅದು. 80 ಡಿಗ್ರಿ ದಾಟಿದ ಮೇಲೆ ಕರಗುತ್ತದೆ. ನಮ್ಮ ಬೇಸಿಗೆಯ ಬಾನೆಟ್ ಅದರ ಹತ್ತಿರಕ್ಕೇ ಹೋಗುವುದರಿಂದ ಇಲ್ಲಿ ವ್ಯಾಕ್ಸ್ ಹೆಚ್ಚು ದಿನ ನಿಲ್ಲದು. ಬೇಸಿಗೆಯಲ್ಲಿ ಒಂದೂವರೆ, ಎರಡು ತಿಂಗಳಿಗೆ ಮತ್ತೆ ಹಚ್ಚಬೇಕು. ಆದರೆ ಅದರ ದೊಡ್ಡ ಗುಣವೆಂದರೆ ಕ್ಷಮೆ. ತಪ್ಪಾಗಿ ಹಚ್ಚಿದರೂ ಮತ್ತೊಂದಿಷ್ಟು ವ್ಯಾಕ್ಸ್ ಹಚ್ಚಿ ಒರೆಸಿದರೆ ಸರಿಹೋಗುತ್ತದೆ.

ಎರಡನೆಯದು ಪಾಲಿಮರ್ ಸೀಲಂಟ್. ಕಾರ್ಖಾನೆಯಲ್ಲಿ ತಯಾರಾದ ಕೃತಕ ಮೇಣ ಎನ್ನಬಹುದು. ವ್ಯಾಕ್ಸ್‌ಗಿಂತ ಹೆಚ್ಚು ಬಿಸಿ ತಡೆಯುತ್ತದೆ, ಹೆಚ್ಚು ತಿಂಗಳು ಬಾಳುತ್ತದೆ, ಹಚ್ಚುವುದೂ ಸುಲಭ. 'ಟೆಫ್ಲಾನ್ ಕೋಟಿಂಗ್' ಎಂದು ನಮ್ಮಲ್ಲಿ ಮಾರುವುದು ಬಹುಮಟ್ಟಿಗೆ ಇದೇ ಗುಂಪಿಗೆ ಸೇರಿದ್ದು. ಟೆಫ್ಲಾನ್ ಎಂಬ ವಸ್ತು 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ವಿಜ್ಞಾನಿಗೆ ಅಕಸ್ಮಾತ್ತಾಗಿ ಸಿಕ್ಕಿತು. ಅದು ಕರಗುವುದು 327 ಡಿಗ್ರಿಗೆ. ದೋಸೆ ತವೆಗೆ ಅದನ್ನು ಅಂಥ ಬಿಸಿಯಲ್ಲಿ ಬೇಯಿಸಿ ಕೂರಿಸುತ್ತಾರೆ. ಕಾರನ್ನು ಹಾಗೆ ಕಾಯಿಸಿದರೆ ಬಣ್ಣವೇ ಉಳಿಯದು. ಆದ್ದರಿಂದ ಕಾರಿನ ಮೇಲೆ 'ಟೆಫ್ಲಾನ್' ತವೆಯ ಮೇಲಿನಂತೆ ಬೆಸೆದುಕೊಂಡಿರುವುದಿಲ್ಲ. ಕೆಲಸ ಮಾಡುವುದು ಅದರ ಜತೆಗಿರುವ ಮೇಣ, ಸೀಲಂಟ್. ಹೆಸರಿಗಾಗಿ ಹೆಚ್ಚಿನ ದುಡ್ಡು ಕೊಡುವ ಅಗತ್ಯವಿಲ್ಲ.

ಮೂರನೆಯದು ಸೆರಾಮಿಕ್. ಸಿಲಿಕಾನ್ ಇರುವ ದ್ರವ ಗಾಳಿಯ ತೇವದೊಂದಿಗೆ ವರ್ತಿಸಿ, ಬಣ್ಣದ ಮೇಲೆ ಗಾಜಿನಂಥ ಸಿಲಿಕಾ ಜಾಲವಾಗಿ ಗಟ್ಟಿಯಾಗುತ್ತದೆ. ಗಿರಣಿ ಬೂದಿಯಾಗಿ ಬಂದು ಗೀರುವುದೂ ಸಿಲಿಕಾ, ಬಾಟಲಿಯಿಂದ ಬಂದು ಕಾಯುವುದೂ ಸಿಲಿಕಾ. ಸರಿಯಾಗಿ ಕೂತರೆ ವರ್ಷಗಟ್ಟಲೆ ಬಾಳುತ್ತದೆ. ನೀರು ಮುತ್ತಾಗಿ ಜಾರುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ, ಹಿಕ್ಕೆಯ ಆಮ್ಲಕ್ಕೆ ಒಂದಿಷ್ಟು ತಡೆಯಾಗುತ್ತದೆ. ಆದರೆ ಅದರ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್. ಕಲ್ಲು ಸಿಡಿದರೆ ತಡೆಯದು. ಬಿಸಿಲಿಂದ ಬಣ್ಣ ಕಾಯುವ ಮುಖ್ಯ ಕೆಲಸವೂ ಕೆಳಗಿನ ಕ್ಲಿಯರ್ ಕೋಟ್‌ನದೇ. ಕಲ್ಲಿನ ಪೆಟ್ಟು ತಡೆಯಬೇಕೆಂದರೆ 150–200 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಯುರಿಥೇನ್ ಫಿಲ್ಮ್ ಅಂಟಿಸಬೇಕು. ಅದು ಬಯಲಿನ ಕೆಲಸವೇ ಅಲ್ಲ. ಒಂದು ಕಣ ಧೂಳು ಒಳಗೆ ಸಿಕ್ಕರೂ ಗುಳ್ಳೆಯಾಗಿ ನಿಲ್ಲುತ್ತದೆ.

ಡಬ್ಬಿಯ ಮೇಲಿನ '9ಎಚ್' ಎಂಬ ಬರಹದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಲ್ಲುಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7. ಆದ್ದರಿಂದ 9 ಎಂದರೆ ವಜ್ರದ ನೆರೆಮನೆ ಎಂದುಕೊಳ್ಳುವುದು ಸಹಜ. ಆದರೆ ಇದು ಬೇರೆಯೇ ಅಳತೆ, ಸೀಸದಕಡ್ಡಿಯದು. ಶಾಲೆಯಲ್ಲಿ ನಾವು ಬಳಸುತ್ತಿದ್ದ ಎಚ್‌ಬಿ ಪೆನ್ಸಿಲ್‌ನಂತೆಯೇ ಗಟ್ಟಿ ಸೀಸದ ಪೆನ್ಸಿಲ್ ಒಂದಕ್ಕೆ 9ಎಚ್ ಎಂದು ಹೆಸರು. ಅದನ್ನು 45 ಡಿಗ್ರಿ ಓರೆಯಲ್ಲಿ ಹಿಡಿದು, 750 ಗ್ರಾಂ ಭಾರ ಹೇರಿ ಲೇಪನದ ಮೇಲೆ ತಳ್ಳುತ್ತಾರೆ. ಗೀರು ಬೀಳದಿದ್ದರೆ 9ಎಚ್. ಪೆನ್ಸಿಲ್ ಗೀರಲಿಲ್ಲ ಎಂದಷ್ಟೇ ಅದರರ್ಥ. ನಮ್ಮ ಧೂಳಿನ ಬೆಣಚು ಹರಳು ಖಂಡಿತ ಗೀರುತ್ತದೆ. ಸೆರಾಮಿಕ್ ಹಾಕಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೂ ನಡೆಯುತ್ತದೆ ಎನ್ನುವವರ ಮಾತು ನಂಬಬೇಡಿ.

ನನ್ನ ಸಲಹೆ ಸ್ಪಷ್ಟ. ಮುಚ್ಚಿದ ಶೆಡ್ ಇಲ್ಲದೆ, ಬಯಲಲ್ಲಿ, ಮೊದಲ ಸಲ ಮಾಡುವವರು ಸೀಲಂಟ್ ಇಲ್ಲವೇ ವ್ಯಾಕ್ಸ್ ಆರಿಸಿಕೊಳ್ಳಿ. ಸೆರಾಮಿಕ್ ಬೇಕೇ ಬೇಕೆಂದರೆ ಮುಚ್ಚಿದ ಜಾಗ ಹುಡುಕಿ. ಧಾನ್ಯ ಖಾಲಿಯಾದ ಗೋದಾಮು, ಪರಿಚಯದವರ ಶೆಡ್, ಏನಾದರೂ ಆದೀತು. ಮೊದಲು ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿಕೊಳ್ಳಿ.

ತಿಂಗಳು ಯಾವುದು, ತಾಸು ಯಾವುದು?

ಬಯಲಿನ ಕೆಲಸಕ್ಕೆ ಮೂರು ತೊಡಕು: ಬಿಸಿ, ಇಬ್ಬನಿ, ಗಾಳಿ.

ಲೇಪನದ ದ್ರವದಲ್ಲಿ ಆವಿಯಾಗಿ ಹೋಗುವ ದ್ರಾವಕ ಇರುತ್ತದೆ. ಅದು ಹೋಗುವಷ್ಟು ಹೊತ್ತು ನಮ್ಮ ಕೈಗೆ ಸಿಗುವ ಅವಕಾಶ. ಹೆಚ್ಚಿನ ಡಬ್ಬಿಗಳು 10ರಿಂದ 30 ಡಿಗ್ರಿಯೊಳಗೆ, ನೆರಳಲ್ಲಿ ಹಚ್ಚಿ ಎನ್ನುತ್ತವೆ. ನಮ್ಮ ಓಣಿಯ ಹುಡುಗನ ಬಾನೆಟ್ ಆ ಮಿತಿಯನ್ನು ಬಹಳ ಹಿಂದೆಯೇ ದಾಟಿತ್ತು, ಅದಕ್ಕೇ ಒಂದು ನಿಮಿಷದ ಅವಕಾಶ ಹತ್ತು ಎಣಿಕೆಗೆ ಇಳಿಯಿತು. ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿಯ ಉಷ್ಣತೆಯಲ್ಲ, ತಗಡಿನ ಉಷ್ಣತೆ.

ಹಾಗೆಂದು ನಸುಕಿನಲ್ಲೇ ಶುರು ಮಾಡಿದರೂ ತಪ್ಪು. ಚಳಿಗಾಲದಲ್ಲಿ ರಾತ್ರಿಯಿಡೀ ಬಯಲಲ್ಲಿ ನಿಂತ ಕಾರಿನ ಮೈ ಗಾಳಿಗಿಂತ ತಂಪಾಗಿ, ಅದರ ಮೇಲೆ ಇಬ್ಬನಿ ಕೂತಿರುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ತೇವವೂ ಲೇಪನ ಹಿಡಿಯದಂತೆ ಮಾಡುತ್ತದೆ. ಸೇತುವೆ, ಟ್ಯಾಂಕುಗಳಿಗೆ ಬಣ್ಣ ಬಳಿಯುವ ಎಂಜಿನಿಯರುಗಳು ಒಂದು ನಿಯಮ ಪಾಲಿಸುತ್ತಾರೆ: ಇಬ್ಬನಿ ಕಟ್ಟುವ ಉಷ್ಣತೆಗಿಂತ ಲೋಹದ ಮೈ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ನಮ್ಮ ಬಳಿ ಆ ಉಪಕರಣ ಇಲ್ಲದಿದ್ದರೂ ಅಡ್ಡಿಯಿಲ್ಲ. ಧೂಳು ತೊಳೆದ ತಗಡನ್ನು ಒಣ ಬಟ್ಟೆಯಲ್ಲಿ ಒತ್ತಿ ಒಣಗಿಸಿ ಹತ್ತು ನಿಮಿಷ ಬಿಡಿ. ಮತ್ತೆ ಮಂಜು ಕಟ್ಟದಿದ್ದರೆ ಶುರು ಮಾಡಬಹುದು.

ಹೀಗೆ ಎರಡೂ ಕಡೆಯಿಂದ ಕಳೆದರೆ ಉಳಿಯುವುದು ಬೆಳಗಿನ ಎರಡು ತಾಸು. ಚಳಿಗಾಲದಲ್ಲಿ ಸುಮಾರು ಎಂಟೂವರೆಯಿಂದ ಹತ್ತೂವರೆ. ಮನೆಯ ಪಡುವಣ ಗೋಡೆಯ ನೆರಳಿದ್ದರೆ ಇನ್ನಷ್ಟು ಹೊತ್ತು ಸಿಗುತ್ತದೆ. ಸಂಜೆ ಏಕಾಗಬಾರದು ಎಂದು ಕೇಳಬಹುದು. ದಿನವಿಡೀ ಕಾದ ತಗಡು ಆರಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ದೀಪದ ಹುಳುಗಳು ಬರುತ್ತವೆ. ಹಸಿ ಲೇಪನದ ಮೇಲೆ ರಾತ್ರಿ ಇಬ್ಬನಿಯೂ ಬೀಳುತ್ತದೆ. ಬೆಳಗೇ ಲೇಸು.

ತಿಂಗಳ ಲೆಕ್ಕವೂ ಸುಲಭ. ದೀಪಾವಳಿಯ ಹೊತ್ತಿನ ಮಳೆ ನಿಂತ ಮೇಲೆ, ಶಿವರಾತ್ರಿಗೆ ಚಳಿ ಹೊರಡುವವರೆಗೆ ನಮ್ಮ ಸೀಮೆಯ ಒಳ್ಳೆಯ ಕಾಲ. ಇದರೊಳಗೂ ಭತ್ತ ಕೊಯ್ಯುವ ಯಂತ್ರಗಳು ಓಡಾಡುವ ವಾರಗಳನ್ನು ಬಿಡಿ; ಆಗ ಗಾಳಿಯೆಲ್ಲ ಸುಂಕು. ಮರದ ಎಲೆ ಅಲ್ಲಾಡುವಷ್ಟು ಗಾಳಿ ಇದ್ದ ದಿನವೂ ಬೇಡ. ಇದು ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವ ರೈತ ಮೊದಲು ಎತ್ತಿನ ಮೈ ತೊಳೆದು, ಕೋಡು ಒರೆಸಿ, ಆರಿದ ಮೇಲೇ ಬಣ್ಣಕ್ಕೆ ಕೈಹಾಕುತ್ತಾನೆ.

ಆ ದಿನದ ಕೆಲಸ

ಹಿಂದಿನ ಸಂಜೆಯೇ ತೊಳೆಯುವ ಕೆಲಸ ಮುಗಿಸಿ. ಮೊದಲು ಬರೀ ನೀರು ಸುರಿದು ಸಡಿಲ ಧೂಳು ಇಳಿಸಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದಿ. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರಗಳಿಗೆ ಬೇರೆ ಬಟ್ಟೆ ಇರಲಿ. ಬಟ್ಟೆ ತೊಳೆಯುವ ಪುಡಿ ಬಳಸಬೇಡಿ, ಅದರ ಕ್ಷಾರ ಬಣ್ಣಕ್ಕೂ ರಬ್ಬರಿಗೂ ಒಳ್ಳೆಯದಲ್ಲ. ಹಳೆಯ ಧೋತರದ ತುಂಡಿಗಿಂತ ಮೈಕ್ರೋಫೈಬರ್ ಬಟ್ಟೆ ಮೇಲು. ಅದರ ಎಳೆಗಳ ನಡುವೆ ಕಣ ಒಳಸೇರಿಕೊಳ್ಳುತ್ತದೆ, ಬಣ್ಣದ ಮೇಲೆ ಎಳೆದಾಡುವುದಿಲ್ಲ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಕಾರಿಗೆ ಮುಟ್ಟಿಸಬೇಡಿ.

ಕೊನೆಯ ಜಾಲಾಟಕ್ಕೆ ಬೋರಿನ ನೀರಿನ ಬದಲು ಶುದ್ಧ ಕುಡಿಯುವ ನೀರಿನ ಘಟಕದ ನೀರು ಐದಾರು ಲೀಟರ್ ಸಾಕು. ಗಿಡಕ್ಕೆ ಹನಿಸುವ ಝಾರಿಯಲ್ಲಿ ಸುರಿದರೆ ಬಿಳಿ ಕಲೆ ನಿಲ್ಲುವುದಿಲ್ಲ. ಕುಡಿಯಲು ನೀರಿಗೆ ಸಾಲು ನಿಲ್ಲುವ ಬೇಸಿಗೆ ದಿನಗಳಲ್ಲಿ ಮಾತ್ರ ಇದನ್ನು ಮಾಡಬೇಡಿ; ಆಗ ತೊಳೆದ ಕೂಡಲೇ ಬಟ್ಟೆಯಲ್ಲಿ ಒತ್ತಿ ಒಣಗಿಸಿದರೆ ಸಾಕು.

ಒಣಗಿದ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಮೇಲೆ ಸವರಿ. ಬರಿಗೈಗೆ ತಿಳಿಯದ ಒರಟು ಆಗ ರವೆಯಂತೆ ಬೆರಳಿಗೆ ತಾಗುತ್ತದೆ. ಅದು ಅಂಟಿಕೊಂಡ ಬೂದಿ, ಡಾಂಬರು, ಬ್ರೇಕಿನ ಲೋಹದ ಪುಡಿ. ಅದನ್ನು ತೆಗೆಯಲು ಕ್ಲೇ ಬಾರ್ ಎಂಬ ಮೆತ್ತನೆಯ ಜೇಡಿಯಂಥ ಮುದ್ದೆ ಸಿಗುತ್ತದೆ. ಶಾಂಪೂ ನೀರು ಹನಿಸಿ ಹಗುರವಾಗಿ ಜಾರಿಸಬೇಕು. ಇದನ್ನು ಬಿಟ್ಟು ಲೇಪನ ಹಚ್ಚಿದರೆ ಕೊಳೆಯನ್ನೇ ಒಳಗಿಟ್ಟು ಮುಚ್ಚಿದಂತೆ.

ಬೆಳಿಗ್ಗೆ ರಾತ್ರಿಯ ಧೂಳನ್ನು ನೀರು ಸುರಿದು ಇಳಿಸಿ, ಬಟ್ಟೆ ಒತ್ತಿ ಪೂರ್ತಿ ಒಣಗಿಸಿ. ಅಂಗೈಯ ಹಿಂಬದಿಯನ್ನು ತಗಡಿಗೆ ತಾಗಿಸಿ ನೋಡಿ. ಬೆಚ್ಚಗೆನಿಸಿದರೆ ಆ ಭಾಗ ಬಿಟ್ಟು ನೆರಳಿನ ಭಾಗಕ್ಕೆ ಹೋಗಿ. ಎರಡು ಅಡಿ ಉದ್ದ, ಎರಡು ಅಡಿ ಅಗಲಕ್ಕಿಂತ ಹೆಚ್ಚು ಜಾಗ ಒಮ್ಮೆಗೇ ಹಚ್ಚಬೇಡಿ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ, ತೆಳುವಾಗಿ. ದಪ್ಪ ಹಚ್ಚಿದರೆ ಹೆಚ್ಚು ರಕ್ಷಣೆ ಎಂಬುದು ತಪ್ಪು ಕಲ್ಪನೆ. ಹೆಚ್ಚಾದದ್ದೆಲ್ಲ ಒರೆಸುವಾಗ ಬಟ್ಟೆಗೇ ಹೋಗುತ್ತದೆ, ಇಲ್ಲವೇ ಪಟ್ಟೆಯಾಗಿ ಉಳಿಯುತ್ತದೆ. ಡಬ್ಬಿ ಹೇಳಿದಷ್ಟು ಹೊತ್ತು ಬಿಟ್ಟು ಒಂದು ಬಟ್ಟೆಯಲ್ಲಿ ಒರೆಸಿ, ಇನ್ನೊಂದರಲ್ಲಿ ನಯಮಾಡಿ, ಬಗ್ಗಿ ಓರೆಯಿಂದ ನೋಡಿ, ಮುಂದಿನ ಚೌಕಕ್ಕೆ ಹೋಗಿ. ಮೊದಲ ದಿನ ನೀರು ತಾಗಿಸಬೇಡಿ. ಸೆರಾಮಿಕ್ ಆದರೆ ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು. ಅಲ್ಲಿವರೆಗೆ ಶಾಂಪೂ ಬೇಡ.

ಬೇವಿನ ಕೆಳಗಿನ ಸ್ಪ್ರೇ ಗನ್

ಲೇಪನದ ಮಾತು ಬಂದಾಗ ಡೆಂಟಿಂಗ್–ಪೇಂಟಿಂಗ್ ಗ್ಯಾರೇಜುಗಳನ್ನು ಮರೆಯಬಾರದು. ಕ್ಲಿಯರ್ ಕೋಟ್ ಹೋದ ಕಾರಿಗೆ ಕೊನೆಯ ಆಸರೆ ಅವರೇ. ಸಣ್ಣ ಊರುಗಳಲ್ಲಿ ಈ ಕೆಲಸ ಬಹಳ ಸಲ ಬಯಲಲ್ಲೇ, ಬೇವಿನ ಮರದ ಕೆಳಗೇ ನಡೆಯುತ್ತದೆ. ಅಲ್ಲಿಯೂ ಇದೇ ಹವಾಮಾನದ ಆಟ. ಬಿಸಿ ಹೆಚ್ಚಿದ್ದರೆ ಬಣ್ಣದ ಹನಿ ತಗಡು ತಲುಪುವ ಮೊದಲೇ ಅರ್ಧ ಒಣಗಿ, ಮೈ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ. ಮಳೆಗಾಲದ ತೇವದಲ್ಲಿ ಥಿನ್ನರ್ ಆವಿಯಾಗುವಾಗ ಮೈ ತಣ್ಣಗಾಗಿ, ತೇವ ಕೂತು, ಬಣ್ಣ ಹಾಲಿನಂತೆ ಮಬ್ಬಾಗುತ್ತದೆ. ಅನುಭವಿ ಪೇಂಟರ್ ಬೇಸಿಗೆಗೆ ನಿಧಾನ ಆರುವ ಥಿನ್ನರ್ ಆರಿಸುತ್ತಾನೆ, ಮಳೆ ದಿನ ಗನ್ ಮುಟ್ಟುವುದಿಲ್ಲ. ಅವನು "ಇವತ್ತು ಬ್ಯಾಡ್ರಿ, ನಾಳಿ ನೋಡೂಣು" ಎಂದರೆ ಅವಸರಪಡಿಸಬೇಡಿ. ಹೊಸದಾಗಿ ಹೊಡೆದ ಬಣ್ಣದ ಮೇಲೆ ಕೂಡಲೇ ಸೆರಾಮಿಕ್ ಹಾಕಿಸಬೇಡಿ. ಒಳಗಿನ ದ್ರಾವಕ ಹೊರಹೋಗಲು ಕನಿಷ್ಠ ಒಂದು ತಿಂಗಳು ಬಿಡಿ.

ಇನ್ನೊಂದು ಮಾತು ಬಣ್ಣಕ್ಕಿಂತ ದೊಡ್ಡದು. ಎರಡು ಡಬ್ಬಿ ಬೆರೆಸಿ ಹೊಡೆಯುವ ಕ್ಲಿಯರ್ ಕೋಟ್‌ನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದರ ಮಂಜು ಉಸಿರಿಗೆ ಹೋದರೆ ಅಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಒಗ್ಗದಂತಾದರೆ ಆಮೇಲೆ ಬಹಳ ಕಡಿಮೆ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು. ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಪೂರೈಸುವ ಮಾಸ್ಕ್ ಇದಕ್ಕೆ ಸರಿಯಾದ ರಕ್ಷಣೆ. ಗನ್ ಹಿಡಿದವನ ಸುತ್ತ ಕಲಿಯಲು ಬಂದ ಹುಡುಗರು ನಿಂತಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ, ಸಂಕಟವಾಗುತ್ತದೆ. ಬಿಲ್ಲಿನಲ್ಲಿ ಐನೂರು ಕಡಿಮೆ ಮಾಡಿ ಎಂದು ಚೌಕಾಸಿ ಮಾಡುವ ಬದಲು "ನಿಮ್ಮ ಹುಡುಗರಿಗೆ ಒಳ್ಳೆ ಮಾಸ್ಕ್ ಐತೇನ್ರಿ?" ಎಂದು ಗಿರಾಕಿಗಳು ಕೇಳಲಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಅದು ಗೋಡೆಗೆ ತೂಗುತ್ತಿರುತ್ತದೆ. ಮನೆಯಲ್ಲಿ ಸೆರಾಮಿಕ್ ಹಚ್ಚುವವರೂ ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ, ಲೇಪನ ಹಿಡಿದು ಗಟ್ಟಿಯಾದ ಬಟ್ಟೆಯನ್ನು ಮತ್ತೆ ಬಳಸದೆ ಎಸೆಯಿರಿ.

ಹಚ್ಚಿದ ಮೇಲೆ

ಲೇಪನ ಹಚ್ಚಿ ಮರೆತುಬಿಡುವ ವಸ್ತುವಲ್ಲ. ಹಿಕ್ಕೆ ಬಿದ್ದರೆ ಅದೇ ದಿನ ನೆನೆಸಿ ತೆಗೆಯಿರಿ. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಮೈಕ್ರೋಫೈಬರ್ ಬಟ್ಟೆ ಸದಾ ಇರಲಿ. ಧೂಳು ಕೂತ ಕಾರಿಗೆ ಕವರ್ ಹೊದಿಸಬೇಡಿ. ಗಾಳಿಗೆ ಕವರ್ ಬಡಿದಾಡುತ್ತಿದ್ದರೆ ಒಳಗಿನ ಧೂಳು ರಾತ್ರಿಯೆಲ್ಲ ಬಣ್ಣವನ್ನು ಉಜ್ಜುತ್ತದೆ. ಕಲ್ಲು ಸಿಡಿದು ಚುಕ್ಕೆಯಷ್ಟು ತಗಡು ಕಂಡರೆ ತುಕ್ಕು ಹಿಡಿಯುವ ಮೊದಲೇ ಟಚ್‌ಅಪ್ ಬಣ್ಣವನ್ನು ಕಡ್ಡಿಯ ತುದಿಯಲ್ಲಿ ತೆಗೆದು ತುಂಬಿ. ಕಾರನ್ನು ವಾರಕ್ಕೊಮ್ಮೆ ದಿಕ್ಕು ಬದಲಿಸಿ ನಿಲ್ಲಿಸಿ. ಇಲ್ಲವಾದರೆ ಪಡುವಣ ಬಿಸಿಲು ಒಂದೇ ಬದಿಯನ್ನು ತಿನ್ನುತ್ತದೆ. ಎಂಟು ಅಡಿ ಎತ್ತರಕ್ಕೆ ನಾಲ್ಕು ಕಂಬ ನೆಟ್ಟು ಹಸಿರು ನೆರಳುಬಲೆ ಕಟ್ಟಲು ಜಾಗವಿದ್ದರೆ, ಅದು ಬಿಸಿಲಿನ ಮಟ್ಟಿಗೆ ಯಾವ ಬಾಟಲಿಗಿಂತಲೂ ದೊಡ್ಡ ರಕ್ಷಣೆ.

ನಮ್ಮ ಕಡೆ ಕಾರು ಎಂದರೆ ಬಹಳ ಜನರಿಗೆ ಐದು ವರ್ಷದ ಕಂತು. ಹೆರಿಗೆಗೆ ರಾಯಚೂರಿಗೆ ಒಯ್ದದ್ದು, ಮಗಳನ್ನು ಕಾಲೇಜಿಗೆ ಬಿಟ್ಟು ಬಂದದ್ದು ಇದೇ ಗಾಡಿ. ಅದನ್ನು ಚೆನ್ನಾಗಿ ಇಟ್ಟುಕೊಳ್ಳಬೇಕೆಂಬುದು ಶೋಕಿಯಲ್ಲ, ದುಡಿಮೆಯ ಮೇಲಿನ ಗೌರವ. ಆ ಗೌರವವನ್ನು ದೊಡ್ಡ ಹೆಸರಿನ ಡಬ್ಬಿಗೆ ಮಾರಿಕೊಳ್ಳದೆ ನೀರು, ನೆರಳು, ಸರಿಯಾದ ಹೊತ್ತಿಗೆ ಕೊಟ್ಟರೆ ಸಾಕು.

ನಮ್ಮ ಓಣಿಯ ಹುಡುಗ ಡಿಸೆಂಬರಿನಲ್ಲಿ ಮತ್ತೆ ಕಾರಿನ ಕೆಲಸಕ್ಕೆ ಕೈಹಾಕಿದ. ಈ ಸಲ ಸೀಲಂಟ್. ಒಂಬತ್ತಕ್ಕೆ ಶುರು ಮಾಡಿ ಟಾಪ್, ಬಾನೆಟ್, ಎಡಬದಿ ಮುಗಿಸಿದ. ಹತ್ತೂಕಾಲಿಗೆ ಬಲಬದಿಯ ಬಾಗಿಲಿಗೆ ಅಂಗೈಯ ಹಿಂಬದಿ ತಾಗಿಸಿ ನೋಡಿ, ಡಬ್ಬಿಯ ಮುಚ್ಚಳ ತಿರುವಿದ. "ಇನ್ನ ಎರಡು ಬಾಗಲ ಉಳದಾವಲ್ಲಪಾ" ಎಂದೆ. "ಬಿಸಲು ಏರ್ಯಾದ್ರಿ ಕಾಕಾ. ಅವು ನಾಳಿ ಮುಂಜಾನಿಗೆ" ಎಂದು ಬಟ್ಟೆಗಳನ್ನು ಬಕೆಟ್ಟಿಗೆ ಹಾಕಿ ಒಳಗೆ ಹೋದ.